ಬೆನ್ನುಚೀಲ, ಬ್ಯಾಂಕಾಕ್ ಮತ್ತು ಒಂದು ಸಣ್ಣ ಗಾಯ

ನಮ್ಮ ಪೀಳಿಗೆಯ ಮುಂಬಯಿ ಕನ್ನಡಿಗರಿಗೆ ಪ್ರವಾಸವೆಂದರೆ ಬಹುಕಾಲ ಊರಿಗೆ ಹೋಗಿಬರುವುದೆಂದೇ ಅರ್ಥವಾಗಿತ್ತು. ಮೇ ತಿಂಗಳ ರಜೆ ಬಂದಿತೆಂದರೆ ಮೊದಲು ಬಸ್ಸಿನಲ್ಲಿ, 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಬಳಿಕ ರೈಲಿನಲ್ಲಿ, ಮೂರು ಪೆಟ್ಟಿಗೆ, ಎರಡು ಕೈಚೀಲ, ಒಂದು ಬುತ್ತಿಗಂಟು ಸಹಿತ ಹೊರಡುತ್ತಿದ್ದೆವು. ಅಂತಹ ನಾವು ನಾಲ್ವರು ಮಿತ್ರರು, ಐವತ್ತು ದಾಟಿದ ಮೇಲೆ, ಬೆನ್ನಿಗೊಂದು ಚೀಲ ಮಾತ್ರ ಏರಿಸಿಕೊಂಡು ಪರದೇಶಕ್ಕೆ ಹೊರಟೆವೆಂದರೆ ಮನೆಯ ಮಕ್ಕಳೇ ನಕ್ಕರು.

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಸರಕಾರವು ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ನೀಡಿದ್ದೇ ನಮ್ಮ ಧೈರ್ಯಕ್ಕೆ ಕಾರಣ. ಬೇಲಾಪುರದ ಪಾರ್ಸಿಕ್ ಗುಡ್ಡದ ಬುಡದಲ್ಲಿ ಬೆಳಗಿನ ನಡಿಗೆಯ ವೇಳೆ ಹುಟ್ಟಿದ ಮಾತು 2024ರ ಫೆಬ್ರುವರಿಯಲ್ಲಿ ಕೈಗೂಡಿತು. ನಮ್ಮಲ್ಲಿ ಒಬ್ಬರು ಕಾರ್ಕಳದವರು, ಒಬ್ಬರು ಧಾರವಾಡದವರು, ಒಬ್ಬರು ಮೈಸೂರಿನವರು. ನಾಲ್ಕನೆಯವನು ಕುಂದಾಪುರದವನಾದ ನಾನು. ಚೀಲದ ಭಾರ ಏಳು ಕಿಲೋ ಮೀರಬಾರದೆಂಬುದು ನಾವೇ ಮಾಡಿಕೊಂಡ ನಿಯಮ. ರಕ್ತದೊತ್ತಡದ ಮಾತ್ರೆಗಳು, ವೈದ್ಯರ ಚೀಟಿ, ಓಆರ್‌ಎಸ್ ಪೊಟ್ಟಣಗಳು, ಹಗಲಿನಲ್ಲಿ ಕಚ್ಚುವ ಡೆಂಗೀ ಸೊಳ್ಳೆಗಳಿಗಾಗಿ ಒಂದು ಮುಲಾಮು, ಇವಿಷ್ಟು ಔಷಧೋಪಚಾರದ ಸಿದ್ಧತೆ. ಎಲ್ಲಕ್ಕೂ ಸಿದ್ಧರಾಗಿದ್ದೇವೆಂದು ಭಾವಿಸಿದ್ದೆವು.

ಸುಮಾರು ನಾಲ್ಕೂವರೆ ಗಂಟೆಗಳ ಹಾರಾಟದ ನಂತರ ಇಳಿದ ವಿಮಾನನಿಲ್ದಾಣದ ಹೆಸರು 'ಸುವರ್ಣಭೂಮಿ' ಎಂದು ತಿಳಿದಾಗ ಪರದೇಶದ ಅಳುಕು ಅರ್ಧ ಕಡಿಮೆಯಾಯಿತು. ಗಡಿಯಾರವನ್ನು ಒಂದೂವರೆ ಗಂಟೆ ಮುಂದಿಟ್ಟುಕೊಂಡು ನಗರದ ರೈಲು ಹಿಡಿದೆವು. ನಾವು ತಂಗಿದ್ದು ಬೆನ್ನುಚೀಲದ ಪ್ರವಾಸಿಗರ ತವರೆನಿಸಿದ ಖಾವೊಸಾನ್ ಬೀದಿಯ ಸಮೀಪ. 'ಖಾವೊಸಾನ್' ಎಂದರೆ ಅಕ್ಕಿ. ಹಿಂದೆ ಅದು ಅಕ್ಕಿಯ ವ್ಯಾಪಾರದ ಸ್ಥಳ. "ಹಾಗಾದರೆ ಇದು ನಮ್ಮ ಬೆಂಗಳೂರಿನ ಅಕ್ಕಿಪೇಟೆಯೇ ಸರಿ" ಎಂದರು ಮೈಸೂರಿನ ಮಿತ್ರರು.

ಎರಡು ದಿನ ಆನಂದದಲ್ಲಿ ಕಳೆದವು. ಚಾವೊ ಫ್ರಾಯಾ ನದಿಯ ದೋಣಿಯಲ್ಲಿ ಕುಳಿತು ವಾಟ್ ಅರುಣ್ ದೇಗುಲವನ್ನು ಕಂಡೆವು. ಅರಮನೆಯ ಆವರಣದ ದೇಗುಲದ ಗೋಡೆಗಳ ಮೇಲೆ ಅವರ ರಾಮಾಯಣವಾದ 'ರಾಮಕಿಯೆನ್' ಚಿತ್ರಗಳಲ್ಲಿ ಹನುಮಂತನನ್ನು ಗುರುತಿಸಿ ಹಿಗ್ಗಿದೆವು. ಶಾಕಾಹಾರಿಗಳಾದ ಧಾರವಾಡದವರಿಗೆ 'ಜೇ' ಎಂಬ ಒಂದೇ ಶಬ್ದ ಊಟ ಒದಗಿಸಿತು. ಮಾಂಸ, ಮೊಟ್ಟೆ, ಮೀನಿನ ರಸ ಯಾವುದೂ ಇಲ್ಲದ ಅಡಿಗೆಗೆ ಅಲ್ಲಿ ಆ ಹೆಸರು.

ಮೂರನೆಯ ದಿನದ ಸಂಜೆ ಒಂದು ಓಣಿಯಲ್ಲಿ ಅಂಗಡಿಯ ಬೆಂಚಿನ ಕೆಳಗೆ ಮಲಗಿದ್ದ ನಾಯಿಯ ಬಾಲವನ್ನು ಕಾರ್ಕಳದ ಮಿತ್ರರು ಕಾಣದೆ ತುಳಿದರು. ತಪ್ಪು ನಾಯಿಯದಲ್ಲ. ಅದು ತಿರುಗಿ ಬಾಯಿ ಹಾಕಿ ಓಡಿತು. "ಏನೂ ಆಗಲಿಲ್ಲ" ಎಂದು ಅವರು ಪ್ಯಾಂಟು ಕೆಳಗೆಳೆದುಕೊಂಡು ನಡೆದರು. ನಾವೂ ನಂಬಿದೆವು.

ರಾತ್ರಿ ಕೋಣೆಯಲ್ಲಿ ಅವರ ಕಾಲ್ಚೀಲಕ್ಕೆ ಅಂಟಿದ್ದ ರಕ್ತದ ಕಲೆ ಧಾರವಾಡದವರ ಕಣ್ಣಿಗೆ ಬಿತ್ತು. ಮೀನಖಂಡದ ಮೇಲೆ ಹಲ್ಲಿನ ಗುರುತೊಂದು ಚರ್ಮವನ್ನು ಸೀಳಿತ್ತು.

"ಏನ್ರೀ ಇದು? ಹಿಂಗ ಮುಚ್ಚಿಟ್ರ ಹೆಂಗ?"

"ನಾಳೆ ಅಯುತ್ಥಯಕ್ಕೆ ಹೋಗುವುದುಂಟಲ್ಲ ಮಾರಾಯ್ರೆ. ನನ್ನಿಂದಾಗಿ ಎಲ್ಲರ ಪ್ರವಾಸ ಕೆಡುವುದು ಬೇಡವೆಂದು..." ಎಂದರು. ಸ್ವಲ್ಪ ಹೊತ್ತಿನ ಮೇಲೆ ನಿಜವಾದ ಕಾರಣ ಹೊರಬಿದ್ದಿತು. ಬಾಲ್ಯದಲ್ಲಿ ಅವರ ದೊಡ್ಡಪ್ಪನ ಮಗನಿಗೆ ನಾಯಿ ಕಚ್ಚಿ, ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಕೊಡಿಸಿದ್ದನ್ನು ಅವರು ಕಂಡಿದ್ದರು. ಆ ಕೂಗು ನಲವತ್ತೈದು ವರ್ಷಗಳಾದರೂ ಅವರ ಕಿವಿಯಿಂದ ಹೋಗಿರಲಿಲ್ಲ.

ಈ ಭಯ ನಮ್ಮ ವಯಸ್ಸಿನ ಅನೇಕರಲ್ಲಿದೆ. ಆದರೆ ಅದಕ್ಕೆ ಈಗ ಆಧಾರವಿಲ್ಲ. ಅಂದು ಕೊಡುತ್ತಿದ್ದುದು ಕುರಿಯ ಮಿದುಳಿನಿಂದ ತಯಾರಿಸಿದ ಸೆಂಪಲ್ ಲಸಿಕೆ. ಅದರ ತಯಾರಿಕೆಯನ್ನು ಭಾರತದಲ್ಲಿ 2004ರ ಕೊನೆಯಲ್ಲಿ ನಿಲ್ಲಿಸಲಾಯಿತು. ಇಂದಿನ ಲಸಿಕೆಯನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿ ಶುದ್ಧೀಕರಿಸುತ್ತಾರೆ. ಅದನ್ನು ಕೊಡುವುದು ತೋಳಿಗೆ.

ಅಂದು ರಾತ್ರಿಯೇ ಸಾಬೂನು ಹಚ್ಚಿ, ನಲ್ಲಿಯ ಕೆಳಗೆ ಹದಿನೈದು ನಿಮಿಷ ಗಾಯ ತೊಳೆಸಿದೆವು. ಬೆಳಗಾಗುತ್ತಲೇ ರಾಮ 4 ರಸ್ತೆಯಲ್ಲಿರುವ ಥಾಯ್ ರೆಡ್ ಕ್ರಾಸ್‌ನ ರಾಣಿ ಸೌವಭಾ ಸಂಸ್ಥೆಗೆ ಹೋದೆವು. ಪ್ರವಾಸಿಗರು ಅದನ್ನು ಹಾವುಗಳ ತೋಟವೆಂದೇ ಬಲ್ಲರು. ಆದರೆ ಅದರ ಮೂಲದಲ್ಲಿ ತಂದೆಯೊಬ್ಬನ ದುಃಖವಿದೆ. ರಾಜಕುಮಾರ ದಮ್ರೋಂಗ್ ಎಂಬವರ ಮಗಳು ಹುಚ್ಚುನಾಯಿಯ ರೋಗದಿಂದ ತೀರಿಕೊಂಡಾಗ, ಲಸಿಕೆ ತಯಾರಿಸುವ ಸಂಸ್ಥೆ ತಮ್ಮ ದೇಶದಲ್ಲಿಯೂ ಬೇಕೆಂದು ಅವರು ದೊರೆಯಲ್ಲಿ ಕೇಳಿಕೊಂಡರು. 1913ರಲ್ಲಿ ಆರಂಭವಾದ ಆ ಸಂಸ್ಥೆಗೆ 1922ರಲ್ಲಿ ಈಗಿನ ಕಟ್ಟಡ ಒದಗಿತು.

ವೈದ್ಯೆ ಗಾಯವನ್ನು ನೋಡಿ, ರಕ್ತ ಬಂದಿರುವುದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಪ್ರತಿರಕ್ಷಕ ದ್ರವವನ್ನೂ ಕೊಡಬೇಕೆಂದರು. ಲಸಿಕೆಯಿಂದ ದೇಹದಲ್ಲಿ ರಕ್ಷಣಾಶಕ್ತಿ ಹುಟ್ಟಲು ಕೆಲವು ದಿನ ಬೇಕು. ಅಲ್ಲಿಯ ತನಕ ವಿಷಾಣುವನ್ನು ಗಾಯದಲ್ಲೇ ತಡೆಯುವುದು ಈ ದ್ರವದ ಕೆಲಸ. ಲಸಿಕೆಯನ್ನು ಎರಡೂ ತೋಳುಗಳ ಚರ್ಮದ ಪದರದೊಳಗೆ ತಲಾ ಹನಿಯಷ್ಟೇ ಕೊಟ್ಟರು. ಹೀಗೆ ಅಲ್ಪ ಪ್ರಮಾಣ ಸಾಕೆಂದು 1980ರ ದಶಕದಲ್ಲಿ ತೋರಿಸಿಕೊಟ್ಟವರು ಥಾಯ್ ರೆಡ್ ಕ್ರಾಸ್‌ನ ವೈದ್ಯರೇ. ಒಂದು ಸೀಸೆ ಹಲವರಿಗೆ ಸಾಲುವುದರಿಂದ ಬಡ ರಾಷ್ಟ್ರಗಳಿಗೆ ಅದು ವರವಾಯಿತು. ಭಾರತವೂ 2006ರಲ್ಲಿ ಈ ಕ್ರಮಕ್ಕೆ ಅನುಮತಿ ನೀಡಿತು. ಮುಂದಿನ ದಿನಾಂಕಗಳನ್ನು ಬರೆದ ಚೀಟಿಯೊಡನೆ ಮಧ್ಯಾಹ್ನದೊಳಗೆ ಹೊರಬಂದೆವು.

"ಇಷ್ಟೇಯಾ?" ಎಂದು ತೋಳು ನೋಡಿಕೊಂಡರು ಕಾರ್ಕಳದವರು.

ಪ್ರವಾಸ ಕೆಡಲಿಲ್ಲ. ಮರುದಿನ ಅಯುತ್ಥಯಕ್ಕೆ ಹೋಗಿ, ಅಯೋಧ್ಯೆಯ ಹೆಸರು ಹೊತ್ತ ಆ ಹಳೆಯ ರಾಜಧಾನಿಯ ಹಾಳು ಗೋಪುರಗಳ ನಡುವೆ ಓಡಾಡಿದೆವು. ಎರಡನೆಯ ಸಲದ ಮದ್ದು ಬ್ಯಾಂಕಾಕಿನಲ್ಲಿಯೇ ಆಯಿತು. ಉಳಿದುದು ಬೇಲಾಪುರಕ್ಕೆ ಮರಳಿದ ಮೇಲೆ. ಅವರು ಆರೋಗ್ಯವಾಗಿದ್ದಾರೆ.

ಆ ನಾಯಿಗೆ ರೋಗವಿತ್ತೇ ಎಂಬುದು ನಮಗೆ ಎಂದಿಗೂ ತಿಳಿಯದು. ತಿಳಿಯುವ ತನಕ ಕಾಯುವಂತೆಯೂ ಇಲ್ಲ. ಈ ರೋಗ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಮೌನವಾಗಿದ್ದು ಅನಂತರ ತಲೆಯೆತ್ತುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಬಳಿಕ ಬದುಕುಳಿದವರು ತೀರ ವಿರಳ. ಸಕಾಲದಲ್ಲಿ ಪೂರ್ಣ ಚಿಕಿತ್ಸೆ ಪಡೆದವರಿಗೆ ಅಪಾಯ ಬಹುಮಟ್ಟಿಗೆ ಇಲ್ಲವೇ ಇಲ್ಲ.

ಬ್ಯಾಂಕಾಕಿಗೆ ಹೋಗದವರಿಗೂ ಈ ಮಾತು ಸಲ್ಲುತ್ತದೆ. ಕಲ್ಯಾಣ, ಡೊಂಬಿವಲಿ, ಬೇಲಾಪುರಗಳಲ್ಲಿ ಕೊನೆಯ ಲೋಕಲ್ ಇಳಿದು ಮನೆಗೆ ನಡೆಯುವವರೆಲ್ಲರೂ ಬೀದಿನಾಯಿಗಳ ಗುಂಪನ್ನು ಬಲ್ಲರು. ನಾಯಿಯಾಗಲಿ, ಬೆಕ್ಕಾಗಲಿ, ಮಂಗವಾಗಲಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನ ಪುಡಿಗಳನ್ನು ಹಚ್ಚದಿರಿ. ಗಾಯವನ್ನು ಬಿಗಿಯಾಗಿ ಕಟ್ಟದಿರಿ. ಅಂದೇ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಲ್ಲೆಲ್ಲ ತಪ್ಪದೆ ಲಸಿಕೆ ಹಾಕಿಸಿಕೊಳ್ಳಿ. ಬೈಗುಳಕ್ಕೆ ಹೆದರಿ ಮಕ್ಕಳು ಗೀರನ್ನು ಮುಚ್ಚಿಡುತ್ತಾರೆ. ಮೊದಲು ಕೇಳಿ, ಬೈಗುಳ ಆಮೇಲಿರಲಿ.

ಈ ಸಲ ಪೆನಾಂಗಿಗೆ ಹೋಗುವ ಯೋಚನೆಯಿದೆ. ಚೀಲದ ಭಾರದ ನಿಯಮದ ಜೊತೆಗೆ ಇನ್ನೊಂದು ನಿಯಮವನ್ನು ಕಾರ್ಕಳದ ಮಿತ್ರರೇ ಸೂಚಿಸಿದ್ದಾರೆ: "ಯಾರಿಗೆ ಏನೇ ಆಗಲಿ, ಅದೇ ಗಳಿಗೆ ಹೇಳಬೇಕು ಮಾರಾಯ್ರೆ. ಜೊತೆಗೆ ಹೋಗುವುದು ಮತ್ತೇತಕ್ಕೆ?"