ಹರಕೆಯೂ ಇರಲಿ, ಆರೈಕೆಯೂ ಇರಲಿ

ಅಡಿಕೆ ಕೊನೆ ತೆಗೆಯಲು ಮರ ಹತ್ತಿದವರು ಕಾಲು ಜಾರಿ ಬೀಳುತ್ತಾರೆ. ಕಟ್ಟಡದ ಸಾರುವೆಯಿಂದ ಗಾರೆ ಕೆಲಸದವರು ಉರುಳುತ್ತಾರೆ. ರಾತ್ರಿ ಹೊತ್ತು ಮೋಟಾರ್ ಬೈಕು ಗುಂಡಿಗೆ ಇಳಿಯುತ್ತದೆ. ಪ್ರಾಣವೇನೋ ಉಳಿಯುತ್ತದೆ, ಆದರೆ ಸೊಂಟದಿಂದ ಕೆಳಗೆ ಕಾಲುಗಳು ಸ್ವಾಧೀನ ತಪ್ಪುತ್ತವೆ. ಹೀಗೆ ಹಾಸಿಗೆ ಹಿಡಿಯುವವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಅಂದರೆ ಯಾವುದೋ ಮನೆಯ ಅಪ್ಪ. ಆಸ್ಪತ್ರೆಯ ಹೊರಗೆ ಕಾಯುವ ಮನೆಯವರು ಕೂಡಲೇ ಹರಕೆ ಹೊರುತ್ತಾರೆ. ಧರ್ಮಸ್ಥಳಕ್ಕೆ ಮುಡಿಪು ಕಟ್ಟುವವರು, ದರ್ಗಾಕ್ಕೆ ಚಾದರ ಒಪ್ಪಿಸುತ್ತೇವೆನ್ನುವವರು, ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವವರು, ಎಲ್ಲರ ಬೇಡಿಕೆಯೂ ಒಂದೇ: ‘ಅವರು ಮತ್ತೆ ಎದ್ದು ನಡೆಯುವಂತಾಗಲಿ.’

ಈ ನಂಬಿಕೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ತಿಂಗಳುಗಟ್ಟಲೆ ಶುಶ್ರೂಷೆ ಮಾಡಲು ಬೇಕಾದ ಗಟ್ಟಿತನ ಎಷ್ಟೋ ಮನೆಗಳಿಗೆ ಅಲ್ಲಿಂದಲೇ ಬರುತ್ತದೆ. ಆದರೆ ನಂಬಿಕೆ ಆರೈಕೆಯ ಜೊತೆಗಿದ್ದರೆ ರೋಗಿಗೆ ಲಾಭ. ಆರೈಕೆಯ ಜಾಗದಲ್ಲೇ ಬಂದು ಕೂತರೆ ಅಪಾಯ.

ಬೆನ್ನುಹುರಿಗೆ ಆಗುವುದೇನು?

ಮೆದುಳಿನಿಂದ ಸೊಂಟದ ಮೇಲ್ಭಾಗದವರೆಗೆ ಇಳಿದುಬರುವ ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಮೆದುಳಿನ ಆಜ್ಞೆ ಕೈಕಾಲುಗಳಿಗೆ ಹೋಗುವುದೂ, ಚರ್ಮದ ಸ್ಪರ್ಶ ಮೆದುಳಿಗೆ ತಲುಪುವುದೂ ಇದರ ಮೂಲಕವೇ. ಕತ್ತಿನ ಮಟ್ಟದಲ್ಲಿ ಪೆಟ್ಟಾದರೆ ಕೈ, ಕಾಲು ಎರಡೂ ಸೋಲುತ್ತವೆ. ಬೆನ್ನಿನ ಮಟ್ಟದಲ್ಲಾದರೆ ಕಾಲುಗಳು. ಎರಡರಲ್ಲೂ ಸಾಮಾನ್ಯವಾಗಿ ಮಲಮೂತ್ರದ ಹತೋಟಿ ತಪ್ಪುತ್ತದೆ. (ಬಿದ್ದವರನ್ನು ಎಂದೂ ಎತ್ತಿ ಕೂರಿಸಬೇಡಿ. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.)

ಶಸ್ತ್ರಚಿಕಿತ್ಸೆ ಮುರಿದ ಮೂಳೆಯನ್ನು ಭದ್ರಪಡಿಸುತ್ತದೆ, ಹುರಿಯ ಮೇಲಿನ ಒತ್ತಡ ತೆಗೆಯುತ್ತದೆ. ಹಾಳಾದ ನರತಂತುಗಳನ್ನು ಅದು ಮತ್ತೆ ಜೋಡಿಸಲಾರದು. ಪೆಟ್ಟು ಪೂರ್ಣವೋ ಅಪೂರ್ಣವೋ ಎಂಬುದೇ ಮುಖ್ಯ ಪ್ರಶ್ನೆ. ಗುದದ್ವಾರದ ಬಳಿ ಸ್ಪರ್ಶ ತಿಳಿಯುತ್ತಿದ್ದರೆ, ಅಲ್ಲಿನ ಸ್ನಾಯುವನ್ನು ರೋಗಿ ತಾನಾಗಿ ಬಿಗಿಹಿಡಿಯಬಲ್ಲರಾದರೆ, ಕೆಲವು ತಂತುಗಳಾದರೂ ಉಳಿದಿವೆ ಎಂದರ್ಥ. ಅಂಥವರಲ್ಲಿ ಚೇತರಿಕೆಯ ಆಸೆ ಹೆಚ್ಚು. ಚೇತರಿಕೆಯ ಬಹುಪಾಲು ಮೊದಲ ಆರು ತಿಂಗಳಲ್ಲಿ ಕಾಣುತ್ತದೆ. ಆಮೇಲೂ ಒಂದೆರಡು ವರ್ಷ ನಿಧಾನವಾಗಿ ಸುಧಾರಣೆ ಆಗಬಹುದು.

ಕಾಲು ಅಲುಗಿತು! ಹಾಗಾದರೆ?

ಪೆಟ್ಟಾದ ಆರಂಭದ ದಿನಗಳಲ್ಲಿ ಕಾಲುಗಳು ಬಟ್ಟೆಯಂತೆ ಜೋತುಬಿದ್ದಿರುತ್ತವೆ. ಕೆಲವು ವಾರಗಳ ಬಳಿಕ ಒಂದು ದಿನ ಹೊದಿಕೆ ಎಳೆದಾಗ ಕಾಲು ತಟ್ಟನೆ ಮಡಿಚಿಕೊಳ್ಳುತ್ತದೆ. ಮನೆಯವರ ಕಣ್ಣಲ್ಲಿ ನೀರು: ‘ದೇವರು ಕಣ್ಣು ಬಿಟ್ಟ!’ ಈ ಗಳಿಗೆಯಲ್ಲೇ ಸತ್ಯವನ್ನು ಮೆತ್ತಗೆ ತಿಳಿಸಬೇಕಾಗುತ್ತದೆ. ಪೆಟ್ಟಿನ ಕೆಳಗಿನ ಹುರಿ ಮೆದುಳಿನ ಅಂಕೆಯಿಲ್ಲದೆ ತಾನೇ ಕೊಡುವ ಪ್ರತಿಕ್ರಿಯೆ ಇದು. ಸೆಳೆತ ಎನ್ನುತ್ತಾರೆ. ಇದೊಂದರಿಂದಲೇ ಚೇತರಿಕೆ ಎನ್ನಲಾಗದು.

ನೀವೇ ಪರೀಕ್ಷಿಸಬಹುದು. ‘ಹೆಬ್ಬೆರಳು ಮಡಿಸಿ’ ಎಂದು ಕೇಳಿದಾಗ ಮಡಿಸುತ್ತಾರೆಯೇ? ಕಣ್ಣು ಮುಚ್ಚಿಸಿ ಮುಟ್ಟಿದರೆ ಯಾವ ಬೆರಳೆಂದು ಹೇಳುತ್ತಾರೆಯೇ? ಹೌದಾದರೆ ಖಂಡಿತ ಸಂತೋಷಪಡಿ, ವೈದ್ಯರಿಗೂ ತಿಳಿಸಿ. ಇಲ್ಲವಾದರೆ ಸೆಳೆತವನ್ನು ಪವಾಡವೆಂದು ಎಣಿಸಿ ಫಿಸಿಯೋಥೆರಪಿ ನಿಲ್ಲಿಸಬೇಡಿ. ಸೆಳೆತ ಇದ್ದಕ್ಕಿದ್ದಂತೆ ಹೆಚ್ಚಿದರೆ ಮೂತ್ರದ ಸೋಂಕು, ಮಲಬದ್ಧತೆ ಅಥವಾ ಹುಣ್ಣು ಇದೆಯೇ ನೋಡಬೇಕು.

ಇನ್ನೊಂದು ಎಚ್ಚರಿಕೆ. ಎದೆಯ ಮೇಲ್ಭಾಗ ಅಥವಾ ಕತ್ತಿನ ಮಟ್ಟದಲ್ಲಿ ಪೆಟ್ಟಾದವರಿಗೆ ಒಮ್ಮೆಲೇ ತಲೆ ಸಿಡಿಯುವಂತಾಗಿ, ಮುಖ ಕೆಂಪಾಗಿ, ಬೆವರು ಕಿತ್ತುಬರಬಹುದು. ದೃಷ್ಟಿಯಾಗಿದೆಯೆಂದು ನಿವಾಳಿಸುತ್ತ ಕೂರಬೇಡಿ. ಮೂತ್ರ ಕಟ್ಟಿಕೊಂಡರೆ ರಕ್ತದೊತ್ತಡ ಹೀಗೆ ಅಪಾಯದ ಮಟ್ಟಕ್ಕೆ ಏರುತ್ತದೆ. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಿಚಿದೆಯೇ ನೋಡಿ, ಆಸ್ಪತ್ರೆಗೆ ಒಯ್ಯಿರಿ.

ಎರಡು ಗಂಟೆಯ ವ್ರತ

ಬೆನ್ನುಹುರಿಗೆ ಪೆಟ್ಟಾದವರ ಪ್ರಾಣಕ್ಕೆ ಎರವಾಗುತ್ತಿದ್ದದ್ದು ಬಹುಪಾಲು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ರೋಗಿಗಳನ್ನು ಮಗ್ಗುಲು ಬದಲಿಸುವ ಕಟ್ಟುನಿಟ್ಟು ತಂದರು. ಬದುಕಲಾರರು ಎನಿಸಿಕೊಂಡವರು ಬದುಕಿದರು, ಆಟವನ್ನೂ ಆಡಿದರು. 1948ರಲ್ಲಿ ಅವರು ಗಾಲಿಕುರ್ಚಿಯವರಿಗಾಗಿ ಆರಂಭಿಸಿದ ಕ್ರೀಡಾಕೂಟವೇ ಮುಂದೆ ಪ್ಯಾರಾಲಿಂಪಿಕ್ಸ್‌ಗೆ ಬುನಾದಿಯಾಯಿತು.

ಮನೆಯಲ್ಲೂ ಇದೇ ನಿಯಮ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿದ್ದಾಗ 15ರಿಂದ 30 ನಿಮಿಷಕ್ಕೊಮ್ಮೆ ಪೃಷ್ಠದ ಮೇಲಿನ ಭಾರ ಇಳಿಸಬೇಕು. ದಿನಕ್ಕೆರಡು ಬಾರಿ ಸೊಂಟ, ಹಿಮ್ಮಡಿ, ಪೃಷ್ಠ ನೋಡಿ. ಒತ್ತಿದರೂ ಮಾಸದ ಕೆಂಪು ಕಲೆ ಹುಣ್ಣಿನ ಮೊದಲ ಗುರುತು. ಮೂತ್ರವನ್ನು ವೈದ್ಯರು ಕಲಿಸಿದಂತೆ ಶುಭ್ರವಾದ ನಳಿಕೆಯಿಂದ, ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ತೆಗೆಯಬೇಕು. ನಿರ್ಲಕ್ಷಿಸಿದರೆ ಮೂತ್ರಪಿಂಡವೇ ಕೆಡುತ್ತದೆ.

ವ್ರತ ಹಿಡಿಯಬೇಕೆನ್ನುವ ಮನೆಯವರಿಗೆ ಇದಕ್ಕಿಂತ ದೊಡ್ಡ ವ್ರತ ಬೇರೆ ಬೇಕೆ? ಬೆಳಗಿನ ಪೂಜೆ, ಸಂಜೆಯ ದೀಪ, ನಮಾಜಿನ ಹೊತ್ತುಗಳಿಗೇ ಈ ಕೆಲಸಗಳನ್ನು ಹೊಂದಿಸಿಕೊಳ್ಳಿ. ಹೊತ್ತು, ಮಗ್ಗುಲು, ಮೂತ್ರದ ಪ್ರಮಾಣ ಬರೆಯಲು ಒಂದು ನೋಟ್‌ಬುಕ್ ಇಡಿ. ಅಮ್ಮನೊಬ್ಬಳ ಮೇಲೆಯೇ ಎಲ್ಲ ಹೇರದೆ ಮಕ್ಕಳು ಸರದಿ ಹಂಚಿಕೊಳ್ಳಲಿ.

ದೇವಸ್ಥಾನಕ್ಕೆ ಹೋಗುವಾಗ

ಹೋಗಬಾರದೆಂದೇನೂ ಇಲ್ಲ, ಹೊರಗಿನ ಗಾಳಿ ಮನಸ್ಸಿಗೆ ಒಳ್ಳೆಯದೇ. ಆದರೆ ದಾರಿಯುದ್ದಕ್ಕೂ ಮೆತ್ತನೆಯ ದಿಂಬು ಬೇಕು, ನಡುನಡುವೆ ಭಾರ ಇಳಿಸಬೇಕು, ನಳಿಕೆಯ ಹೊತ್ತು ತಪ್ಪಬಾರದು. ಬಿಸಿಲಿಗೆ ಕಾದ ಪ್ರಾಂಗಣದ ಕಲ್ಲಿನ ಮೇಲೆ ಬರಿಗಾಲು ಇಡಿಸಬೇಡಿ. ಸ್ಪರ್ಶವಿಲ್ಲದ ಪಾದ ಸುಟ್ಟರೂ ಅವರಿಗೆ ತಿಳಿಯದು. ಬಿಸಿ ಮರಳಿನ ಶಾಖ, ಬಿಸಿನೀರಿನ ಚೀಲಗಳಿಂದಲೂ ಇದೇ ಅಪಾಯ. ಉರುಳುಸೇವೆ, ಉಪವಾಸದ ಹರಕೆಗಳನ್ನು ರೋಗಿಯ ಮೇಲೆ ಹೊರಿಸಬೇಡಿ.

ಮೈಲಿಗೆಯ ಮಾತು

ನಿತ್ಯ ಪೂಜೆ ಮಾಡುತ್ತಿದ್ದ ಅಪ್ಪ, ಮೂತ್ರದ ಚೀಲ ಕಟ್ಟಿಕೊಂಡ ಮೇಲೆ ‘ನನಗೆ ಮಡಿ ಎಲ್ಲಿಯದು’ ಎಂದು ದೇವರ ಕೋಣೆಯಿಂದ ದೂರ ಉಳಿಯುವುದುಂಟು. ದೇಹದ ಜೊತೆ ದೇವರನ್ನೂ ಕಳೆದುಕೊಂಡೆನೆಂಬ ಈ ನೋವು ಹೊರಗಿನವರಿಗೆ ಕಾಣುವುದಿಲ್ಲ. ನಮ್ಮ ಸಂಪ್ರದಾಯದಲ್ಲೇ ಮಾನಸ ಪೂಜೆ ಇದೆ. ನಿಲ್ಲಲಾಗದವರು ಕುಳಿತೋ ಮಲಗಿಯೋ ನಮಾಜು ಮಾಡಲು ಇಸ್ಲಾಮಿನಲ್ಲಿ ಅವಕಾಶವಿದೆ. ಮನೆಯ ಹಿರಿಯರೋ ಪುರೋಹಿತರೋ ಮೌಲ್ವಿಗಳೋ ಪಾದ್ರಿಗಳೋ ಬಂದು ಈ ಮಾತನ್ನು ಹೇಳಿದರೆ ಔಷಧಿಯಷ್ಟೇ ಉಪಕಾರ.

ಇದಕ್ಕೆ ವಿರುದ್ಧವಾಗಿ, ನೋಡಲು ಬಂದವರು ‘ಯಾವ ಜನ್ಮದ ಕರ್ಮವೋ’ ಎಂದರೆ ಅಲ್ಲಿಗೇ ತಡೆಯಿರಿ. ಮರದಿಂದ ಬಿದ್ದದ್ದು ಅಪಘಾತ, ಶಿಕ್ಷೆಯಲ್ಲ. ರೋಗಿ ದೇವರನ್ನೇ ಬೈದರೆ ಬಾಯಿ ಮುಚ್ಚಿಸಬೇಡಿ. ದುಃಖಕ್ಕೆ ಅದೂ ಒಂದು ದಾರಿ. ಊಟ, ನಿದ್ದೆ, ಮಾತು ಬಿಟ್ಟರೆ, ಸಾಯುವ ಮಾತಾಡಿದರೆ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಆಸೆಯ ವ್ಯಾಪಾರ

ನಡೆಸಿಯೇ ತೀರುತ್ತೇವೆಂದು ಭರವಸೆ ಕೊಟ್ಟು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಬೆನ್ನುಹುರಿಯ ಪೆಟ್ಟಿಗೆ ಆಕರಕೋಶ, ಅಂದರೆ ಸ್ಟೆಮ್ ಸೆಲ್ ಚುಚ್ಚುವುದು ಇನ್ನೂ ರುಜುವಾತಾದ ಚಿಕಿತ್ಸೆಯಲ್ಲ. ಅನುಮೋದಿತ ಸಂಶೋಧನೆಯ ಹೊರಗೆ ಅದನ್ನು ನೀಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಹೇಳುತ್ತದೆ. ಜಮೀನು ಮಾರುವ ಮೊದಲು ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ.

ಗಾಲಿಕುರ್ಚಿ ಸೋಲಲ್ಲ

‘ಗಾಲಿಕುರ್ಚಿ ತಂದರೆ ನಾವೇ ನಂಬಿಕೆ ಕಳೆದುಕೊಂಡಂತೆ’ ಎಂದು ಎಷ್ಟೋ ಮನೆಯವರು ತರುವುದನ್ನೇ ಮುಂದೂಡುತ್ತಾರೆ. ಅಲ್ಲಿಯವರೆಗೆ ಅಪ್ಪನಿಗೆ ಚಾವಣಿಯೇ ಪ್ರಪಂಚ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಡಾ. ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡರು. ದೈವಭಕ್ತೆಯಾದ ಅವರು ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವರ ಶ್ರಮದಿಂದ 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರವೇ ತಲೆಯೆತ್ತಿತು. ಅವರ ನಂಬಿಕೆಯೂ ಉಳಿಯಿತು, ಕುರ್ಚಿಯೂ ಉಳಿಯಿತು.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನಶ್ಚೇತನ ವಿಭಾಗವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಸಿಗುವ ಸವಲತ್ತುಗಳಿಗೆ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು ಬೇಕು. ಬೇಗ ಅರ್ಜಿ ಹಾಕಿ.

ಹರಕೆ ತೀರಿಸಲು ಅವರು ನಡೆಯುವ ದಿನವನ್ನೇ ಕಾಯಬೇಕಾಗಿಲ್ಲ. ಹುಣ್ಣಿಲ್ಲದೆ ಮೊದಲ ಆರು ತಿಂಗಳು ಕಳೆದ ದಿನ, ಯಾರ ನೆರವೂ ಇಲ್ಲದೆ ಹಾಸಿಗೆಯಿಂದ ಕುರ್ಚಿಗೆ ತಾವೇ ದಾಟಿದ ದಿನ, ಮತ್ತೆ ಅಂಗಡಿಯ ಲೆಕ್ಕ ನೋಡಿದ ದಿನ, ಇವೂ ಮುಡಿಪು ಒಪ್ಪಿಸಲು ತಕ್ಕ ದಿನಗಳೇ.