ಬಿ.ಎಂ. ರಸ್ತೆಯ ಹಳೆ ಡ್ರೈವರುಗಳು

ಹಾಸನದ ಕಡೆಯಿಂದ ಬಂದು ಹೇಮಾವತಿ ಸೇತುವೆ ದಾಟಿದರೆ ಸಕಲೇಶಪುರ. ಹೊಳೆ ದಂಡೆಗೇ ಸಕಲೇಶ್ವರನ ಗುಡಿ. ಅಲ್ಲಿಂದ ಊರನ್ನು ಸೀಳಿಕೊಂಡು ಮಂಗಳೂರಿನತ್ತ ಹೋಗುವುದೇ ಬಿ.ಎಂ. ರಸ್ತೆ, ಅಂದರೆ ಬೆಂಗಳೂರು-ಮಂಗಳೂರು ರಸ್ತೆ. ಹೆದ್ದಾರಿಯ ನಂಬರು ಒಂದು ಕಾಲಕ್ಕೆ 48 ಇತ್ತು, ಈಗ 75 ಆಗಿದೆ. ಊರಿನವರಿಗೆ ಮಾತ್ರ ಇವತ್ತಿಗೂ ಅದು ಬಿ.ಎಂ. ರೋಡೇ. ಊರ ಹೊರಗೆ ಬೈಪಾಸ್ ಬಂದ ಮೇಲೆ ಗ್ಯಾಸ್ ಟ್ಯಾಂಕರು, ಕಂಟೇನರುಗಳೆಲ್ಲ ಆ ಕಡೆ ತಿರುಗಿಕೊಂಡಿವೆ. ಬೆಳಗಿನ ಆರೂವರೆಯಿಂದ ಎಂಟರವರೆಗೆ ಇಲ್ಲಿ ಈಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ.

ಆ ಹೊತ್ತಿನಲ್ಲಿ ರಸ್ತೆ ಬದಿಯ ಒಂದು ಟೀ ಅಂಗಡಿಯ ಜಗಲಿ ತುಂಬಿರುತ್ತದೆ. ಕೂತವರೆಲ್ಲ ಅರವತ್ತೈದು ದಾಟಿದವರು. ಗೌಡರು ನಲವತ್ತು ವರ್ಷ ಲಾರಿ ಓಡಿಸಿದವರು. ಅವರ ಪಕ್ಕದಲ್ಲಿ ಕೆಎಸ್‌ಆರ್‌ಟಿಸಿಯ ನಿವೃತ್ತ ಡ್ರೈವರ್. ಆಚೆ ತುದಿಯಲ್ಲಿ ಕಾಫಿ ಎಸ್ಟೇಟಿನ ಜೀಪಿನಲ್ಲೇ ಆಯಸ್ಸು ಕಳೆದವರೊಬ್ಬರು. ಗ್ಯಾರೇಜಿನ ಸಾಬರು ಬಂದರೆ ಎಲ್ಲರೂ ಸರಿದು ಜಾಗ ಕೊಡುತ್ತಾರೆ. ಇವರೆಲ್ಲರ ಗಾಡಿಯೂ ಒಂದಲ್ಲ ಒಂದು ದಿನ ಅವರ ಕೈಗೆ ಬಂದದ್ದೇ. ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರೂ ಇದ್ದಾರೆ. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಆದರೆ ಐವತ್ತು ವರ್ಷದ ಹಿಂದೆ ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತಿತ್ತು, ಯಾವುದು ಮಳೆಗಾಲದಲ್ಲಿ ನಿಂತುಹೋಗುತ್ತಿತ್ತು ಎಂಬುದೆಲ್ಲ ಬಾಯಿಪಾಠ.

ಮಾತು ಶುರುವಾಗುವುದು ಮೈಯ ಸಮಾಚಾರದಿಂದ. “ಶುಗರ್ ಎಷ್ಟು ಬಂತು ಗೌಡ್ರೆ?” “ಮಾತ್ರೆ ತಗಂಡ್ರಾ ಸಾಬ್ರೆ, ಇಲ್ಲಾ ಬರೀ ಟೀ ಕುಡಿತೀರಾ?” ನಿನ್ನೆ ಬಾರದವರು ಯಾಕೆ ಬರಲಿಲ್ಲ ಎನ್ನುವುದು ಆಮೇಲೆ. ರಾತ್ರಿ ಆನೆ ಯಾವ ತೋಟಕ್ಕೆ ಇಳಿಯಿತು, ಕಾಫಿ ರೇಟು ಎಷ್ಟಾಯಿತು, ಯಾರ ಮಗಳಿಗೆ ಹೆರಿಗೆ ಆಯಿತು. ಅಷ್ಟರಲ್ಲಿ ಹಳೆಯ ಟಾಟಾ ಗಾಡಿಯೊಂದು ಮರಳು ಹೇರಿಕೊಂಡು ದಮ್ಮು ಕಟ್ಟಿ ಮುಂದೆ ಹಾದುಹೋಗುತ್ತದೆ. “ಸೆಕೆಂಡ್ ಹಾಕಬೇಕಿತ್ತು, ಥರ್ಡ್‌ನಲ್ಲೇ ಎಳೀತಾನೆ,” ಎನ್ನುತ್ತಾರೆ ಗೌಡರು, ತಲೆ ಎತ್ತದೆ. ಅಲ್ಲಿಗೆ ಆವತ್ತಿನ ಗಾಡಿಯ ಮಾತು ಶುರು.

ಗೌಡರು ಲಾರಿ ಹತ್ತಿದ್ದು ಕ್ಲೀನರಾಗಿ. ಅವರ ಮೊದಲ ಗಾಡಿ ಮೂತಿ ಇದ್ದ ‘ಬೆಂಜ್ ಲಾರಿ’. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದ್ದು 1954ರಲ್ಲಿ. 1969ರಲ್ಲಿ ಮುಂದಿನ ಜಾಲರಿಯ ಮೇಲಿದ್ದ ಮೂರು ಕಡ್ಡಿಯ ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂತು. ಶಿರಾಡಿ ಘಾಟಿಯ ಡ್ರೈವರುಗಳ ಬಾಯಲ್ಲಿ ಮಾತ್ರ ಅದು ಎಷ್ಟೋ ಕಾಲ ಬೆಂಜ್ ಆಗಿಯೇ ಉಳಿಯಿತು. ಇಳಿಯುವಾಗ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಕಾಫಿ, ಇಲ್ಲವೇ ಮರದ ದಿಮ್ಮಿ. ಹತ್ತುವಾಗ ಮಂಗಳೂರು ಹೆಂಚು, ಉಪ್ಪು, ಒಣಮೀನು. ಕ್ಲೀನರಿನ ಕೆಲಸ ಗಾಡಿ ತೊಳೆಯುವುದಷ್ಟೇ ಆಗಿರಲಿಲ್ಲ. ಏರಿನಲ್ಲಿ ಗಾಡಿ ನಿಂತರೆ ಅದು ಹಿಂದಕ್ಕೆ ಜಾರುವ ಮೊದಲೇ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡಬೇಕು. ಆ ತುಂಡನ್ನು ಬಗಲಲ್ಲೇ ಇಟ್ಟುಕೊಂಡು ಮಲಗುತ್ತಿದ್ದೆ ಎನ್ನುತ್ತಾರೆ ಗೌಡರು. ರೇಡಿಯೇಟರ್ ಕುದಿದರೆ ಕೊಡಪಾನ ಹಿಡಿದು ಹಳ್ಳಕ್ಕೆ ಓಡುವುದೂ ಅವರ ಪಾಲಿಗೇ.

“ಇಳಿಯೋಕೆ ಯಾವ ಗೇರ್ ಗೊತ್ತೇನ್ರೀ?” ಎಂದು ಅವರು ನನ್ನನ್ನು ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಲು ಹೋದವರ, ಬರೀ ಬ್ರೇಕ್ ನಂಬಿಕೊಂಡವರ ಗಾಡಿಗಳು ಕೆಂಪುಹೊಳೆಯ ಪ್ರಪಾತಕ್ಕೆ ಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಬ್ರೇಕ್ ಕಾದರೆ ಮೊದಲು ಮೂಗಿಗೆ ಗೊತ್ತಾಗುತ್ತದೆ, ಕಾಲಿಗೆ ಗೊತ್ತಾಗುವುದು ಆಮೇಲೆ. ವಾಸನೆ ಬಂದ ಕೂಡಲೇ ಬದಿಗೆ ಹಾಕಿ ತಣಿಯಲು ಬಿಡಬೇಕು. ಎದುರಿಗೆ ಏರುತ್ತಿರುವ ಗಾಡಿ ಬಂದರೆ ಇಳಿಯುವವನೇ ನಿಲ್ಲಬೇಕು. ಇದು ಕಾನೂನಿನ ಪುಸ್ತಕದಲ್ಲೂ ಇದೆ, ಆದರೆ ಇವರು ಕಲಿತದ್ದು ಪುಸ್ತಕ ನೋಡಿ ಅಲ್ಲ. ಆ ಕಾಲದ ಗೇರ್‌ಬಾಕ್ಸ್‌ಗೆ ಡಬಲ್ ಕ್ಲಚ್ ಬೇಕಿತ್ತು: ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಕೊಂಚ ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್. ಇಂಜಿನಿನ ದನಿ ಸರಿಯಾದ ಮಟ್ಟಕ್ಕೆ ಬಂದ ಕ್ಷಣದಲ್ಲೇ ಲಿವರ್ ಹೋಗಬೇಕು. ಇಲ್ಲದಿದ್ದರೆ ಹಲ್ಲು ಕಡಿದ ಸದ್ದು ಬರುತ್ತಿತ್ತು, ಬೆನ್ನಿಗೆ ಗುರುವಿನ ಏಟೂ ಬೀಳುತ್ತಿತ್ತು. ಇದನ್ನು ಹೇಳುವಾಗ ಗೌಡರ ಎಡಗಾಲು ತಾನೇ ತಾನಾಗಿ ಜಗಲಿಯ ನೆಲವನ್ನು ಎರಡು ಸಲ ಒತ್ತಿತು.

ಜೀಪಿನ ಅಣ್ಣ ಕಡಿಮೆ ಮಾತಿನವರು. ಎಸ್ಟೇಟಿನಲ್ಲಿ ಅವರು ಓಡಿಸಿದ್ದು ಮಹೀಂದ್ರಾದ ಪೆಟ್ರೋಲ್ ಜೀಪು, ‘ಹರಿಕೇನ್’ ಇಂಜಿನಿನದ್ದು. 1973ರ ನಂತರ ಪೆಟ್ರೋಲ್ ಬೆಲೆ ಏರಿದಾಗ ಒಬ್ಬೊಬ್ಬರೇ ಮಾಲೀಕರು ಇಂಜಿನ್ ಕಳಚಿ ಡೀಸೆಲ್ ಇಂಜಿನ್ ಕೂರಿಸಿದರು. ಆಮೇಲೆ ಪಿಜೋ ಇಂಜಿನಿನ ಎಂಎಂ 540 ಬಂತು. ಮಲೆನಾಡಿನ ತೋಟದ ದಾರಿಗಳಲ್ಲಿ ಅದು ಈಗಲೂ ಕಾಣುತ್ತದೆ. ಚಳಿಗಾಲದ ಬೆಳಗ್ಗೆ ಬ್ಯಾಟರಿ ಕೈಕೊಟ್ಟರೆ ಹ್ಯಾಂಡಲ್ ಹೊಡೆದೇ ಸ್ಟಾರ್ಟ್ ಮಾಡಬೇಕಿತ್ತು. ಹೇಗೆ ಎಂದು ಕೇಳಿದ್ದಕ್ಕೆ ಅವರು ತಮ್ಮ ಊರುಗೋಲನ್ನೇ ಹಿಡಿದು ತೋರಿಸಿದರು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಉಳಿದ ನಾಲ್ಕು ಬೆರಳುಗಳ ಸಾಲಿನಲ್ಲೇ ಇಡಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಒತ್ತಬಾರದು. ಇಂಜಿನ್ ಹಿಂದಕ್ಕೆ ಒದೆಯಿತೆಂದರೆ ಹ್ಯಾಂಡಲ್ ಬೆರಳಿನಿಂದ ಜಾರಿ ಹೋಗುತ್ತದೆ. ಹೆಬ್ಬೆರಳು ಸುತ್ತಿದ್ದರೆ ಮಣಿಕಟ್ಟು ಮುರಿಯುತ್ತದೆ. ಅವರ ಬಲಗೈ ಮಣಿಕಟ್ಟು ಒಂದಿಷ್ಟು ಸೊಟ್ಟಗಿದೆ. ಹದಿನೆಂಟನೇ ವಯಸ್ಸಿನಲ್ಲಿ ಆದದ್ದು ಎಂದರು. ಗೋಲನ್ನು ಮತ್ತೆ ಗೋಡೆಗೆ ಒರಗಿಸಿ ಟೀ ಮುಗಿಸಿದರು.

ಜಗಲಿಯಿಂದ ಎದ್ದು ಹಿಂದಿನ ಗಲ್ಲಿಗೆ ನಡೆದರೆ ಸಾಬರ ಗ್ಯಾರೇಜು. ಈಗ ಮಗ ನಡೆಸುತ್ತಾರೆ. ಸಾಬರು ಒಂದು ಮುರುಕಲು ಸೀಟಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಹೊಸ ಗಾಡಿಗಳಿಗೆ ಮಗ ಲ್ಯಾಪ್‌ಟಾಪ್ ಜೋಡಿಸಿ ದೋಷ ಹುಡುಕುತ್ತಾರೆ. ಹಳೆಯದೊಂದು ಬಂದರೆ ತಂದೆಯ ಕಡೆ ನೋಡುತ್ತಾರೆ. ನಾನಿದ್ದಾಗ ಬಂದದ್ದು ಅಂಥದೇ ಒಂದು ಡೀಸೆಲ್ ಜೀಪು. ದಾರಿಯಲ್ಲಿ ಡೀಸೆಲ್ ಖಾಲಿಯಾಗಿ, ಮತ್ತೆ ತುಂಬಿಸಿದರೂ ಸ್ಟಾರ್ಟ್ ಆಗದೆ ತಳ್ಳಿಸಿಕೊಂಡು ಬಂದಿತ್ತು. “ಏರ್ ಹಿಡಿದಿದೆ,” ಎಂದರು ಸಾಬರು. ಮಗ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತತೊಡಗಿದರು. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ. ಗುಳ್ಳೆ ನಿಂತು ಬರೀ ಡೀಸೆಲ್ ಎಳೆಯಾಗಿ ಇಳಿದಾಗ ಸಾಬರು ಕೈ ಎತ್ತಿದರು, ಸ್ಕ್ರೂ ಬಿಗಿಯಾಯಿತು. ಎರಡನೇ ಸೆಲ್ಫಿಗೆ ಗಾಡಿ ಎದ್ದಿತು. ಅದರ ಪಂಪಿನ ಮೇಲೆ ಮಸಿ ಒರೆಸಿದರೆ ‘ಮೈಕೋ’ ಎಂಬ ಹೆಸರು ಇನ್ನೂ ಓದಬಹುದು. 1951ರಲ್ಲಿ ಶುರುವಾದ ಮೈಕೋ, ಬೆಂಗಳೂರಿನ ಆಡುಗೋಡಿ ಕಾರ್ಖಾನೆಯ ಮೈಕೋ, 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ. ನಮ್ಮ ರಾಜ್ಯದಲ್ಲೇ ತಯಾರಾದ ಆ ಪಂಪು, ಸ್ಪಾರ್ಕ್ ಪ್ಲಗ್ಗುಗಳ ಮೇಲೆ ದೇಶದ ಎಷ್ಟು ಲಾರಿ, ಟ್ರ್ಯಾಕ್ಟರುಗಳು ಓಡಿದವು ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಂಡದ್ದೇ ಕಡಿಮೆ. ಸಾಬರು ಮಾತ್ರ ಹೇಳಿಕೊಳ್ಳುತ್ತಾರೆ.

ಕೆಎಸ್‌ಆರ್‌ಟಿಸಿಯ ಡ್ರೈವರಿಗೆ ಇಲಾಖೆಯ ಇತಿಹಾಸವೇ ಮನೆಯ ಇತಿಹಾಸ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಶುರುವಾಯಿತು, 1961ರಲ್ಲಿ ನಿಗಮವಾಯಿತು. ಅವರ ತಂದೆಯೂ ಅಲ್ಲೇ ಕಂಡಕ್ಟರ್. ಅಪಘಾತವಿಲ್ಲದೆ ಬಸ್ ಓಡಿಸಿದ್ದಕ್ಕೆ ನಿಗಮ ಕೊಟ್ಟ ಬೆಳ್ಳಿ ಪದಕ ಅವರ ಬಳಿ ಇದೆ. ಶಿರಾಡಿಯ ಜಡಿಮಳೆಯಲ್ಲಿ ರಾತ್ರಿ ಸರ್ವಿಸ್ ಮಾಡಿ ಪಡೆದ ಪದಕಕ್ಕೆ ಬೆಲೆ ಕಟ್ಟುವುದು ಕಷ್ಟ. ಆ ರಸ್ತೆಯ ಕಥೆಯೂ ಅವರಿಗೆ ಗೊತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರಿನಲ್ಲಿ 57 ಸುರಂಗಗಳ ರೈಲು ದಾರಿ 1979ರಲ್ಲಿ ತೆರೆಯಿತು. ಅದನ್ನು ಬ್ರಾಡ್‌ಗೇಜ್ ಮಾಡಲೆಂದು ಮುಚ್ಚಿದ ವರ್ಷಗಳಲ್ಲಿ ಭಾರವೆಲ್ಲ ರಸ್ತೆಗೆ ಬಿತ್ತು. ಆಮೇಲೆ ಅದಿರಿನ ಲಾರಿಗಳ ಕಾಲ. ರಸ್ತೆ ಕಿತ್ತು ಹೊಂಡವಾಯಿತು. 2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು ಭಾಗವನ್ನು ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದರು. ರಸ್ತೆಯ ಈ ಎಲ್ಲ ಅವಸ್ಥೆಗಳ ಲೆಕ್ಕವನ್ನು ಅವರು ತಮ್ಮ ಸೊಂಟನೋವಿನಿಂದ ಹೇಳಬಲ್ಲರು.

ಶನಿವಾರ ಮಾತ್ರ ಈ ಬಳಗ ಟೀ ಮುಗಿಸಿ ಒಟ್ಟಿಗೆ ಎದ್ದು ಹೊರಡುತ್ತದೆ. ದೋಣಿಗಾಲಿನ ಕಡೆ, ಮಂಜರಾಬಾದ್ ಕೋಟೆಗೆ ಹೋಗುವ ದಿಕ್ಕಿನಲ್ಲಿ, ರಸ್ತೆಯಿಂದ ಒಳಗೆ ಒಂದು ತೋಟದ ಮನೆ. ಮನೆಯೊಡೆಯರಿಗೆ ಎಂಬತ್ತು ಮೀರಿದೆ, ಮಕ್ಕಳು ಬೆಂಗಳೂರಿನಲ್ಲಿ. ಹೆಂಚಿನ ಶೆಡ್ಡಿನಲ್ಲಿ ಒಂದು ಬಿಳಿ ಅಂಬಾಸಿಡರ್, 1978ರದ್ದು. ಕೆಎ ಬರುವ ಮುಂಚಿನ, ‘ಸಿಎ’ಯಿಂದ ಶುರುವಾಗುವ ನಂಬರು. ಉತ್ತರಪಾರಾದ ಕಾರ್ಖಾನೆಯಲ್ಲಿ 1958ರಿಂದ 2014ರವರೆಗೆ ಹೆಚ್ಚು ರೂಪ ಬದಲಿಸದೆ ಬಂದ ಕಾರಿದು. ಮುಂದೆ ಉದ್ದ ಬೆಂಚಿನಂಥ ಸೀಟು, ಸ್ಟೇರಿಂಗಿನ ಎಡಕ್ಕೆ ಹ್ಯಾಂಡ್ ಗೇರ್. ಒಡೆಯರಿಗೆ ಈಗ ಓಡಿಸಲಾಗುವುದಿಲ್ಲ, ಮಾರಲು ಮನಸ್ಸಿಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡದಿದ್ದರೆ ಬ್ಯಾಟರಿ ಇಳಿಯುತ್ತದೆ.

ಅದಕ್ಕೇ ಇವರು ಹೋಗುವುದು. ನಾನು ಜೊತೆಗೆ ಹೋದ ದಿನ ಸಾಬರು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ಒರೆಸಿ ನೋಡಿದರು, ರೇಡಿಯೇಟರಿಗೆ ನೀರು ಹಾಕಿದರು. ಜೀಪಿನ ಅಣ್ಣ ಚೋಕ್ ಎಳೆದು ಸೆಲ್ಫ್ ಹೊಡೆದರು. ಎರಡು ಸಲ ಕೆಮ್ಮಿ ಇಂಜಿನ್ ಎದ್ದಿತು. ಚೋಕ್ ನಿಧಾನಕ್ಕೆ ಒಳಗೆ ಹೋಗುತ್ತಿದ್ದಂತೆ ದನಿ ಸಮವಾಯಿತು. “ಮೂರನೇ ಸಿಲಿಂಡರ್ ಸ್ವಲ್ಪ ಮಿಸ್ಸಿಂಗು,” ಎಂದರು ಒಳಮನೆಯ ಬಾಗಿಲಲ್ಲಿ ನಿಂತ ಒಡೆಯರು. ಸಾಬರು ಮೂರನೇ ಪ್ಲಗ್ ಕಳಚಿ ನೋಡಿದರು, ಮಸಿ ಕಟ್ಟಿತ್ತು. ಇಪ್ಪತ್ತು ಅಡಿ ದೂರದಿಂದ ಎಂಬತ್ತರ ಕಿವಿ ಹೇಳಿದ್ದು ಸರಿಯಾಗಿತ್ತು.

ಕಾರು ಬೆಚ್ಚಗಾಗುವ ಹೊತ್ತಿನಲ್ಲಿ ಉಳಿದವರು ಒಳಗೆ ಹೋಗಿ ಬೇರೆ ಕೆಲಸ ಮುಗಿಸುತ್ತಾರೆ. ಗೌಡರು ಮಾತ್ರೆ ಡಬ್ಬಿ ತೆರೆದು ಯಾವ ದಿನದ್ದು ಉಳಿದಿದೆ ನೋಡುತ್ತಾರೆ. ಮೇಷ್ಟ್ರು ಕರೆಂಟ್ ಬಿಲ್ಲು, ಬ್ಯಾಂಕಿನ ಪತ್ರ ಓದಿ ಹೇಳುತ್ತಾರೆ. ಬಸ್ಸಿನವರು ಬೆಂಗಳೂರಿನ ಮಗನಿಗೆ ಫೋನು ಹಚ್ಚಿ, “ಅಪ್ಪಾಜಿ ಚೆನ್ನಾಗಿದಾರೆ, ಕಾರೂ ಸ್ಟಾರ್ಟ್ ಆಯ್ತು,” ಎನ್ನುತ್ತಾರೆ. ಆಮೇಲೆ ಒಡೆಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾರನಹಳ್ಳಿಯವರೆಗೆ ಒಂದು ಸುತ್ತು. ಹಿಂದೆ ಮೂವರು, ಮುಂದೆ ಮೂವರು. ಆ ಸೀಟಿನಲ್ಲಿ ಅದು ಸಲೀಸು. ಈ ಬಳಗವಿಲ್ಲದಿದ್ದರೆ ಕಾರೂ ನಿಲ್ಲುತ್ತಿತ್ತು, ಒಡೆಯರೂ ಕೋಣೆಯೊಳಗೇ ಉಳಿಯುತ್ತಿದ್ದರು ಎಂದು ನನಗೆ ಅನಿಸಿತು.

ಹದಿನೈದು ವರ್ಷ ದಾಟಿದ ಕಾರನ್ನು ಐದೈದು ವರ್ಷಕ್ಕೆ ಮರುನೋಂದಣಿ ಮಾಡಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕವೇ 5,000 ರೂಪಾಯಿಗೆ ಏರಿತ್ತು. ಐವತ್ತು ವರ್ಷ ತುಂಬಿದ, ಮೂಲರೂಪ ಕೆಡದ ವಾಹನಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಈ ಅಂಬಾಸಿಡರಿಗೆ ಇನ್ನೂ ಆ ವಯಸ್ಸಾಗಿಲ್ಲ.

ಓಡಿಸಿದವರ ಲೆಕ್ಕ ಬೇರೆ. ಬಸ್ಸಿನವರಿಗೆ ಪಿ.ಎಫ್. ಇಲಾಖೆಯ ಇಪಿಎಸ್-95 ಪಿಂಚಣಿ ಬರುತ್ತದೆ. ಆ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಬೆರಳಚ್ಚು ಯಂತ್ರಕ್ಕೆ ಅವರ ಸವೆದ ಬೆರಳು ತಿಳಿಯದಾದಾಗ ಜೊತೆಗೆ ಹೋಗಿ ನಿಲ್ಲುವವರು ಇದೇ ಜಗಲಿಯವರು. ಗೌಡರಿಗೆ ಅದೂ ಇಲ್ಲ. ನಾಲ್ಕು ಮಾಲೀಕರ ಕೈಕೆಳಗೆ ನಲವತ್ತು ವರ್ಷ ದುಡಿದರೂ ಪಿ.ಎಫ್. ಎಂಬುದನ್ನು ಅವರು ಕಂಡಿಲ್ಲ. ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ, ಮಗನ ದುಡಿಮೆ, ಇಷ್ಟೇ ಆಧಾರ. ಕಾಫಿಯನ್ನು ಬಂದರಿಗೂ ಹೆಂಚನ್ನು ಬಯಲುಸೀಮೆಗೂ ಮುಟ್ಟಿಸಿದ ಡ್ರೈವರುಗಳ ಮುಪ್ಪಿಗೆ ನಮ್ಮ ವ್ಯವಸ್ಥೆ ಕೊಟ್ಟದ್ದು ತೀರಾ ಕಡಿಮೆ. ಇದು ಬದಲಾಗಲೇಬೇಕು.

ಸಕಲೇಶಪುರ ಹಾಸನದಿಂದ ಸುಮಾರು 40 ಕಿಲೋಮೀಟರ್. ಕೋಟೆ ನೋಡಲು ಬರುವವರು ಬೈಪಾಸ್ ಹಿಡಿಯದೆ ಊರೊಳಗೆ ಬನ್ನಿ, ಬೆಳಗ್ಗೆ ಎಂಟರೊಳಗೆ ಬನ್ನಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಹಿರಿಯರಿದ್ದರೆ ಅವರ ಹಳೆ ಲೈಸೆನ್ಸು, ಟ್ರಿಪ್ ಶೀಟು, ಆರ್‌ಸಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಮೊಬೈಲ್ ತೆರೆದು ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಯಾವ ಗಾಡಿ, ಯಾವ ರಸ್ತೆ, ಯಾವ ವರ್ಷ ಎಂದು ಕೇಳಿ ಬರೆದಿಡಿ.