ಕನ್ನಡ ಸುದ್ದಿಬರಹದಲ್ಲಿ ಗೌರವಸೂಚಕ ಪ್ರಯೋಗ

ರಾವ್ ಬಹದ್ದೂರ್, ರಾಜಸೇವಾಸಕ್ತ ಮೊದಲಾದ ಬಿರುದುಗಳನ್ನು ನೀಡುವ ಪದ್ಧತಿಗೆ ಸಂವಿಧಾನದ 18ನೆಯ ವಿಧಿ ತೆರೆ ಎಳೆಯಿತು. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲವೆಂದೂ ಅವನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಬಳಸಕೂಡದೆಂದೂ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸ್ಪಷ್ಟಪಡಿಸಿತು. ಆದರೂ ಸಮಾರಂಭಗಳ ವರದಿಗಳಲ್ಲಿ 'ಪದ್ಮಶ್ರೀ' ಹೆಸರಿಗೆ ಅಂಟಿಕೊಂಡೇ ಬರುವುದುಂಟು. ಇನ್ನು 'ಶ್ರೀ', 'ಶ್ರೀಮತಿ', 'ಕುಮಾರಿ'ಗಳು ಕನ್ನಡ ದಿನಪತ್ರಿಕೆಗಳ ಸುದ್ದಿಪುಟದಿಂದ ಬಹುಮಟ್ಟಿಗೆ ಮರೆಯಾಗಿವೆ. ಸ್ತ್ರೀಯ ವೈವಾಹಿಕ ಸ್ಥಿತಿಯನ್ನು ಅನಗತ್ಯವಾಗಿ ಸಾರುತ್ತಿದ್ದ ಕೊನೆಯ ಎರಡು ಪದಗಳು ಮರೆಯಾದದ್ದು ಒಳ್ಳೆಯದೇ ಆಯಿತು.

ಇಂಗ್ಲಿಷಿನಲ್ಲಿ ಇಂತಹ ಪದವನ್ನು ಕೈಬಿಟ್ಟರೆ ಪ್ರಶ್ನೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ವಾಲ್ ಸ್ಟ್ರೀಟ್ ಜರ್ನಲ್ 2023ರಲ್ಲಿ 'ಮಿಸ್ಟರ್' ಮುಂತಾದವನ್ನು ಬಿಟ್ಟಾಗ ವಾಕ್ಯದ ಉಳಿದ ಭಾಗ ಇದ್ದಂತೆಯೇ ಉಳಿಯಿತು. ಸಚಿವನಿಗೂ ಕಳ್ಳನಿಗೂ ಅಲ್ಲಿ ಒಂದೇ ಕ್ರಿಯಾರೂಪ. ಕನ್ನಡದ ಸ್ಥಿತಿ ಬೇರೆ. ಇಲ್ಲಿ ಗೌರವವು ಹೆಸರಿನ ಹಿಂದೆ ನಿಂತ ಪದದಲ್ಲಷ್ಟೇ ಇಲ್ಲ, ಸರ್ವನಾಮದಲ್ಲಿಯೂ ಕ್ರಿಯಾಪದದ ಪ್ರತ್ಯಯದಲ್ಲಿಯೂ ಇದೆ. 'ಹೇಳಿದರು' ಎನ್ನಬೇಕೋ 'ಹೇಳಿದ' ಎನ್ನಬೇಕೋ ಎಂಬುದನ್ನು ವರದಿಗಾರ ಪ್ರತಿ ವಾಕ್ಯದ ಕೊನೆಯಲ್ಲಿಯೂ ತೀರ್ಮಾನಿಸಲೇಬೇಕು.

ಈ ತೀರ್ಮಾನದ ತೊಡಕು ಅಪರಾಧ ವರದಿಗಳಲ್ಲಿ ಎದ್ದು ಕಾಣುತ್ತದೆ. ಅಪಘಾತದಲ್ಲಿ ತೀರಿಕೊಂಡವರು 'ಎಂಬುವವರು'. ಕಳವಿನ ಆರೋಪದ ಮೇಲೆ ಸಿಕ್ಕಿಬಿದ್ದವನು 'ಎಂಬಾತ'. 'ಆರೋಪಿ' ಎಂಬ ಎಚ್ಚರದ ಪದವನ್ನು ಬಳಸಿದ ವಾಕ್ಯವೇ 'ಪರಾರಿಯಾಗಿದ್ದಾನೆ' ಎಂದು ಏಕವಚನದಲ್ಲಿ ಮುಗಿಯುತ್ತದೆ. ಅಪರಾಧ ಸಾಬೀತಾಗುವವರೆಗೆ ವ್ಯಕ್ತಿ ನಿರಪರಾಧಿ ಎಂಬುದು ನ್ಯಾಯದ ತತ್ತ್ವ. ನಾಮಪದ ಅದನ್ನು ಪಾಲಿಸುತ್ತದೆ, ಕ್ರಿಯಾಪದ ಪಾಲಿಸುವುದಿಲ್ಲ. ಅದೇ ಬಂಧನ ಜನಪ್ರತಿನಿಧಿಯೊಬ್ಬರದಾದರೆ 'ಅವರನ್ನು ಬಂಧಿಸಲಾಗಿದೆ' ಎಂಬ ಬಹುವಚನ ಸಾಮಾನ್ಯವಾಗಿ ಅಲುಗುವುದಿಲ್ಲ. ಹಾಗಾದರೆ ಏಕವಚನ ಆರೋಪಕ್ಕೆ ಸಂದದ್ದಲ್ಲ, ಅಂತಸ್ತಿಗೆ ಸಂದದ್ದು. ವರ್ಷಗಳ ತರುವಾಯ ನ್ಯಾಯಾಲಯವು ಕೂಲಿಕಾರನೊಬ್ಬನನ್ನು ಬಿಡುಗಡೆ ಮಾಡಿದ ಸುದ್ದಿಯೂ 'ಖುಲಾಸೆಗೊಂಡಿದ್ದಾನೆ' ಎಂದೇ ಬಂದರೆ, ಕಳೆದುಹೋದ ಬಹುವಚನ ಅವನಿಗೆ ಮರಳಿ ದೊರೆಯಲಿಲ್ಲವೆಂದೇ ಅರ್ಥ.

'ಆತ', 'ಆಕೆ' ಎಂಬ ರೂಪಗಳು 'ಅವನು', 'ಅವಳು' ಎಂಬವುಗಳಿಗಿಂತ ಒಂದು ಮೆಟ್ಟಿಲು ಮೇಲಿನವು. ಪತ್ರಿಕೆಗಳು ಇವುಗಳಲ್ಲಿ ನಡುದಾರಿಯನ್ನು ಕಂಡುಕೊಂಡಿವೆ. ಆದರೆ ಕ್ರಿಯಾಪದಕ್ಕೆ ಅಂತಹ ನಡುದಾರಿಯಿಲ್ಲ: 'ಆತ ಬಂದ' ಎಂದೇ ಆಗಬೇಕು. 'ವಿಚಾರಣೆ ನಡೆದಿದೆ', 'ದೂರು ದಾಖಲಾಗಿದೆ' ಎಂಬ ರಚನೆಗಳಲ್ಲಿ ವ್ಯಕ್ತಿ ಕರ್ತೃಸ್ಥಾನದಲ್ಲಿಲ್ಲದ ಕಾರಣ ವಚನದ ಪ್ರಶ್ನೆಯೇ ಏಳದು. ಆದರೆ ಇಡೀ ವರದಿ ಹೀಗೆಯೇ ಸಾಗಿದರೆ ಅದು ಠಾಣೆಯ ಕಡತದಂತೆ ಓದಿಸಿಕೊಳ್ಳುತ್ತದೆ. ಪ್ರಾಪ್ತವಯಸ್ಕರೆಲ್ಲರಿಗೂ, ಆರೋಪಿಗಳಿಗೂ ಸೇರಿ, ಬಹುವಚನವನ್ನೇ ಬಳಸುವುದು ಇನ್ನೊಂದು ಮಾರ್ಗ. ಕೊಲೆ ಆರೋಪಿಯ ಸಂದರ್ಭದಲ್ಲಿ 'ಅವರು' ಎಂದರೆ ಓದುಗರ ಕಿವಿಗೆ ಒಗ್ಗದು ಎಂಬ ಆಕ್ಷೇಪವಿದೆ. ಅದೇ ಆರೋಪ ಹೊತ್ತ ಗಣ್ಯರ ವಿಷಯದಲ್ಲಿ ಆ ಕಿವಿ ಈಗಾಗಲೇ ಒಗ್ಗಿಕೊಂಡಿದೆ.